ಅರ್ಧ ವೋಲ್ಟ್

ಬಟ್ಟೆಗೆ ಚಿತ್ತಾರ ಮುದ್ರಿಸುವ ಯಂತ್ರದ ಮುಂದೆ ಅಕ್ಕ ಒಂಬತ್ತು ವರ್ಷ ಕೂತಿದ್ದಳು. ವಿದ್ಯುತ್ತಿನ ಒಂದೊಂದು ಮಿಡಿತಕ್ಕೂ ಸಣ್ಣ ರಂಧ್ರದಿಂದ ಶಾಯಿಯ ಹನಿ ಚಿಮ್ಮುತ್ತದೆ. ವೋಲ್ಟೇಜು ಹೆಚ್ಚಾದರೆ ಹನಿಗೆ ಬಾಲ ಬರುತ್ತದೆ, ಕಡಿಮೆಯಾದರೆ ಬಣ್ಣ ಪೇಲವವಾಗುತ್ತದೆ. ಅಕ್ಕ ಕ್ಯಾಮೆರಾದಲ್ಲಿ ಹನಿ ನೋಡಿ ವೋಲ್ಟೇಜನ್ನು ಕೈಯಾರೆ ಸರಿಪಡಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಆ ಕೆಲಸ ತಾನಾಗಿಯೇ ನಡೆಯುವಂಥ ಪ್ರೋಗ್ರಾಂ ಒಂದನ್ನು ತಂಗಿ ಬರೆದಳು. ಯಂತ್ರದಲ್ಲಿ ದಾಖಲಾಗಿದ್ದ ಅಕ್ಕನ ತಿದ್ದುಪಡಿಗಳೇ ಅದಕ್ಕೆ ಪಾಠ.

ಮೊದಲ ದಿನವೇ ಹನಿಗಳು ಮುತ್ತಿನಂತೆ ಬಂದವು. ಆದರೆ ಆಗಾಗ ವೋಲ್ಟೇಜು ಕಾರಣವೇ ಇಲ್ಲದೆ ಅರ್ಧ ವೋಲ್ಟ್ ಇಳಿದು, ಮತ್ತೆ ಏರುತ್ತಿತ್ತು.

"ಏನಮ್ಮಾ ಇದು, ಯಾರೋ ಕೂತು ತಿರುಗಿಸ್ತಿರೋ ಹಾಗಿದೆ!" ಎಂದರು ಸೂಪರ್‌ವೈಸರ್.

ತಂಗಿ ಪರದೆಯತ್ತ ಬಾಗಿದಳು. "ಅಕ್ಕ, ಸರ್. ಎಲ್ಲ ಸರಿಯಿದ್ರೂ ಒಂದ್ಸಲ ಇಳಿಸಿ ನೋಡದೆ ಅವಳಿಗೆ ಸಮಾಧಾನ ಆಗ್ತಿರ್ಲಿಲ್ಲ."

ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದರು. "ಬಟ್ಟೆ ಮೇಲೆ ಗೆರೆ ಬೀಳ್ತಿದೆಯಲ್ಲಮ್ಮಾ. ತೆಗೆದುಬಿಡು."

ತಂಗಿ ಅಂಥ ತಿದ್ದುಪಡಿಗಳನ್ನೆಲ್ಲ ಹುಡುಕಿ ಅಳಿಸಿ, ಪ್ರೋಗ್ರಾಂಗೆ ಹೊಸದಾಗಿ ಕಲಿಸಿದಳು. ಆಮೇಲೆ ಬಟ್ಟೆಯಲ್ಲಿ ಒಂದು ಗೆರೆಯೂ ಬೀಳಲಿಲ್ಲ, ವೋಲ್ಟೇಜಿನ ಅಂಕಿಯೂ ಅಲುಗಲಿಲ್ಲ. ಈಗ ಅಲುಗೀತು, ಇನ್ನೇನು ಅಲುಗೀತು ಎಂದು ಅವಳು ಊಟಕ್ಕೂ ಏಳದೆ ಪರದೆ ನೋಡುತ್ತಲೇ ಕೂತಿದ್ದಳು.