ಹೊನ್ನವ್ವನ ಬಾಗಿಲ ಕೀಲಿ

ಮೊಬೈಲ್ ನೋಡಿ ಚಾವಿಯಿಲ್ಲದೆ ಕೀಲಿ ತೆಗೆಯಲು ಕಲಿಯುತ್ತಿದ್ದ ಸಗೀರಾಳಿಗೆ ತನ್ನ ಮನೆಯ ಕೀಲಿಯೊಂದೇ ಸಾಕಾಗಲಿಲ್ಲ. ತಾಂಬಾ ಊರಿಗೆ ಹೊರಟ ಪಕ್ಕದ ಮನೆಯ ಹೊನ್ನವ್ವ ಎಂದಿನಂತೆ ಚಾವಿಯನ್ನು ಇವಳ ಕೈಗೇ ಕೊಟ್ಟು ಹೋಗಿದ್ದಳು. ಬುದ್ಧಿಗೇಡಿ ಹುಡುಗಿ ಆ ಚಾವಿಯನ್ನು ಗೂಟಕ್ಕೆ ಹಾಕಿ, ತಲೆಯ ಪಿನ್ನು ಕಿತ್ತುಕೊಂಡು ಹೊನ್ನವ್ವನ ಬಾಗಿಲಿಗೆ ಹೋದಳು.

ಕೀಲಿ ಟಕ್ಕೆಂದು ಬಿಚ್ಚಿತು. ಹಿಗ್ಗು ಇಳಿಯುವ ಮೊದಲೇ ಪಿನ್ನು ಒಳಗೇ ಮುರಿಯಿತು. ಒತ್ತಿದರೆ ಕೀಲಿ ಕೂರಲಿಲ್ಲ, ಚಾವಿ ತಂದರೆ ಒಳಗೆ ಹೋಗಲಿಲ್ಲ. ಅಷ್ಟರಲ್ಲಿ ಬಸ್ಸು ತಪ್ಪಿ ಮರಳುತ್ತಿದ್ದ ಹೊನ್ನವ್ವ ಓಣಿಯ ತಿರುವಿನಲ್ಲಿ ಕಂಡಳು.

ಬಿಚ್ಚಿದ ಕೀಲಿ ನೋಡಿ ಮುದುಕಿ ನಡುಗಿದಳು.

“ಕಳ್ಳ ಬಂದಿದ್ದನೇನವ್ವ?”

ಸಗೀರಾ ಮುಷ್ಟಿ ಬಿಗಿ ಮಾಡಿದಳು.

“ಮಗಳ, ನೀ ಬಂದಿ ಅಂತ ಓಡಿಹೋಗ್ಯಾನ. ಇವತ್ತ ನನ್ನ ಜೋಡಿ ಮಲ್ಕೊಳ್ಳಾಕ ಬಾ, ನನಗ ಅಂಜಿಕಿ ಬರ್ತೈತಿ,” ಎಂದ ಹೊನ್ನವ್ವ ಅವಳ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಮುಷ್ಟಿಯೊಳಗೆ ಪಿನ್ನಿನ ಇನ್ನರ್ಧ ಚುಚ್ಚುತ್ತಿತ್ತು.