ಹೆಂಡತಿ ಸಾಕಿದ ಅಂಗಮಾರಿ

ಗಂಡ ಆಲೂಗಡ್ಡೆಯ ಹೊಸ ತಳಿಗಳನ್ನು ಹುಟ್ಟಿಸುವವನು, ಹೆಂಡತಿ ಅವನ್ನು ಕೊಲ್ಲುವವಳು. ಇಬ್ಬರಿಗೂ ಒಂದೇ ಸಂಶೋಧನಾ ಕೇಂದ್ರದಲ್ಲಿ ಕೆಲಸ, ಎದುರುಬದುರು ಕೋಣೆ. ಅವಳು ಗಾಜಿನ ತಟ್ಟೆಗಳಲ್ಲಿ ಆಲೂಗಡ್ಡೆ ಗಿಡವನ್ನು ಕೊಳೆಸುವ ಅಂಗಮಾರಿ ರೋಗವನ್ನು ಸಾಕುತ್ತಿದ್ದಳು. ಅವನು ತಂದುಕೊಟ್ಟ ಎಲೆಗಳನ್ನು ಒದ್ದೆ ಕಾಗದದ ಮೇಲೆ ಬೋರಲು ಹಾಕಿ, ರೋಗ ಬೆರೆಸಿದ ನೀರನ್ನು ಹನಿ ಹನಿ ಬಿಟ್ಟು, ಡಬ್ಬಿ ಮುಚ್ಚಿಡುತ್ತಿದ್ದಳು. ಕೊಳೆತರೆ ಆ ತಳಿಯ ಕಥೆ ಮುಗಿಯಿತು. ಈ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು; ಅವಳೂ ಅಲ್ಲವೆನ್ನುತ್ತಿರಲಿಲ್ಲ.

ಎಷ್ಟೋ ವರ್ಷ ಒದ್ದಾಡಿದ ಮೇಲೆ ಅವನ ಒಂದು ತಳಿ ಕೊಳೆಯದೆ ನಿಂತಿತು. ಅದಕ್ಕೆ 'ಜಟ್ಟಿ' ಎಂದು ಹೆಸರಿಟ್ಟ. ಬೆಳೆಗಾರರನ್ನು ಕರೆಸಿ ಅದರ ಬೀಜದ ಗಡ್ಡೆ ಹಂಚುವುದೆಂದು ನಿರ್ದೇಶಕರು ದಿನವನ್ನೂ ಗೊತ್ತುಮಾಡಿದರು. ಆ ತಿಂಗಳ ಕೊನೆಗೆ ಅವನಿಗೆ ನಿವೃತ್ತಿ. "ಹೋಗೋ ಮುಂಚೆ ಒಂದನ್ನಾದ್ರೂ ದಡ ಸೇರಿಸಿದ್ನಲ್ಲೇ," ಎಂದು ದಿನಕ್ಕೆ ನಾಲ್ಕು ಸಲ ಹೇಳಿ ಅವಳ ತಲೆ ತಿಂದ.

ಅಷ್ಟರಲ್ಲಿ ಅತ್ತೆಯ ಹಿತ್ತಲಿಗೆ ರೋಗ ಬಡಿಯಿತು. ಅವರು ಒಂದು ಪಾತಿ ಆಲೂಗಡ್ಡೆ ಹಾಕಿಕೊಂಡಿದ್ದರು. ನಿನ್ನೆ ಹಸಿರಾಗಿದ್ದದ್ದು ಇವತ್ತು ಕಪ್ಪಾಗಿ ಜೋತುಬಿದ್ದಿತ್ತು. ಸೊಸೆ ಎಲೆ ತಿರುವಿ ನೋಡಿದಳು. ಅಡಿಯಲ್ಲಿ ಬಿಳಿ ಬೂಷ್ಟು. ಅಬ್ಬಾ, ಎಂಥ ವೇಗ! ಅವಳ ಮುಖ ಅರಳಿತು.

"ನನ್ನ ಗಿಡ ಸಾಯ್ತಿದ್ರೆ ನಿಂಗೆ ಖುಷಿನಾ?" ಎಂದು ಅತ್ತೆ ರೇಗಿದರು.

"ಖುಷಿ ಅಲ್ಲ ಅತ್ತೆ, ಆಶ್ಚರ್ಯ," ಎಂದಳು. ಹಾಗೆನ್ನುತ್ತಿದ್ದಂತೆಯೇ ಅವಳ ನಗು ಮಾಯವಾಯಿತು. ರೋಗಕ್ಕೆ ಬೇಗ ಬಲಿಯಾಗುವ ಇದೇ ಮೆತ್ತನೆ ತಳಿಯನ್ನು ಅವಳು ಪ್ರತಿ ಪರೀಕ್ಷೆಯಲ್ಲೂ ಹೋಲಿಕೆಗೆಂದು ಇಡುತ್ತಿದ್ದಳು. ಅವಳ ಡಬ್ಬಿಯಲ್ಲಿ ಅದು ಕೊಳೆಯಲು ವಾರ ಹಿಡಿಯುತ್ತಿತ್ತು. ಕೊಳೆಯಿತಲ್ಲ, ಸಾಕು ಎಂದುಕೊಂಡಿದ್ದಳು.

ಹೊರಗಿನ ರೋಗ ಒಳಗೆ ಬರಬಾರದು, ಎಲ್ಲ ತಳಿಗಳಿಗೂ ಒಂದೇ ರೋಗ ಇರಬೇಕು ಎಂಬುದು ಕೇಂದ್ರದ ನಿಯಮ. ಆ ನಿಯಮವನ್ನು ಅವಳಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರಿಲ್ಲ. ಧಾನ್ಯದ ಗಂಜಿ ಉಣಿಸಿ, ತಟ್ಟೆಯಿಂದ ತಟ್ಟೆಗೆ ಬದಲಾಯಿಸಿ, ವರ್ಷಗಟ್ಟಲೆ ಅದನ್ನು ಮಗುವಿನ ಹಾಗೆ ನೋಡಿಕೊಂಡಿದ್ದಳು. ಕೂತಲ್ಲೇ ಊಟ ಸಿಕ್ಕರೆ ಯಾರು ತಾನೇ ಮೈ ಬಗ್ಗಿಸುತ್ತಾರೆ? ರೋಗಕ್ಕೆ ಸೋಮಾರಿತನ ಹತ್ತಿತ್ತು.

"ರೀ, ನಿಮ್ಮ ಜಟ್ಟಿ ಕೈಲಾಗದವನ ಜೊತೆ ಕುಸ್ತಿ ಮಾಡಿ ಗೆದ್ದಿದೆ," ಎಂದಳು ಗಂಡನಿಗೆ. "ಹಿತ್ತಲ ರೋಗ ತಂದು ಇನ್ನೊಂದು ಸಲ ನೋಡ್ಬೇಕು."

"ಕಾರ್ಯಕ್ರಮ ಮುಂದಿನ ವಾರ ಕಣೇ! ನಿಂಗೇನು ತಲೆ ಕೆಟ್ಟಿದೆಯಾ?"

"ಜಟ್ಟಿ ಗಟ್ಟಿಯಾಗಿದ್ರೆ ನಿಮಗ್ಯಾಕೆ ಭಯ?"

ಆ ಮಾತು ಅವನಿಗೆ ನಾಟಿತು. ತಾನೇ ಹೋಗಿ ಜಟ್ಟಿಯ ಒಳ್ಳೊಳ್ಳೆಯ ಎಲೆಗಳನ್ನು ಆರಿಸಿ ತಂದು, "ತಗೋ, ಏನು ಮಾಡ್ತೀಯೋ ಮಾಡು," ಎಂದು ಮೇಜಿನ ಮೇಲಿಟ್ಟ. ನಿರ್ದೇಶಕರು ಗೊಣಗಿದರು. "ಹಳೇ ಫಲಿತಾಂಶ ಇದೆಯಲ್ಲಮ್ಮಾ, ಬಿಡಿ ಸಾಕು."

"ಸಾರ್, ಜನರ ಹೊಲದಲ್ಲಿರೋದು ನನ್ನ ತಟ್ಟೆಯ ರೋಗ ಅಲ್ಲ," ಎಂದಳು. ಅವಳ ದನಿ ಒಂದಿಷ್ಟೂ ಅಳುಕಲಿಲ್ಲ.

ಬೇರೆ ಕೋಣೆಯಲ್ಲಿ, ಬೇರೆ ಡಬ್ಬಿಗಳಲ್ಲಿ ಹೊಸ ರೋಗದ ಹನಿ ಬಿಟ್ಟಳು. ಕಾರ್ಯಕ್ರಮದ ಹಿಂದಿನ ದಿನ ಗಂಡಹೆಂಡಿರು ಕೂಡಿಯೇ ಮುಚ್ಚಳ ತೆಗೆದರು. ಮೆತ್ತನೆ ತಳಿ ಕೊಳೆತು ನೀರಾಗಿತ್ತು. ಅದರ ಪಕ್ಕದಲ್ಲಿ ಜಟ್ಟಿಯ ಎಲೆಗಳೂ ಕಪ್ಪಾಗಿ, ಅಂಚಿಗೆಲ್ಲ ಬಿಳಿ ಬೂಷ್ಟು ಕಟ್ಟಿತ್ತು. ಒಂದೂ ಉಳಿದಿರಲಿಲ್ಲ.

ಅವಳು ಹೇಳಿದ್ದೇ ನಿಜವಾಯಿತು. "ತಪ್ಪು ನಂದು ರೀ. ಇಷ್ಟು ವರ್ಷ ಸೋಮಾರಿ ರೋಗ ಸಾಕಿ, ಜಟ್ಟಿನ ಸುಮ್ನೆ ಪಾಸು ಮಾಡ್ಬಿಟ್ಟೆ."

ಅವನು ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದ. ಅವಳು ನೇರ ನಿರ್ದೇಶಕರ ಕೋಣೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೈಸಿಕೊಂಡು, ಹಂಚಿಕೆಯನ್ನು ನಿಲ್ಲಿಸಿಯೇ ಹೊರಬಂದಳು. ಆಮೇಲೆ ಗಂಡನನ್ನು ಹುಡುಕಿದಳು. ಕೋಣೆಯಲ್ಲಿ ಇರಲಿಲ್ಲ, ಮನೆಗೂ ಹೋಗಿರಲಿಲ್ಲ.

ಹಸಿರುಮನೆಯಲ್ಲಿ ಸಿಕ್ಕ. ಅಂಗಿಯ ತೋಳು ಮಡಚಿಕೊಂಡು ಜಟ್ಟಿಯ ಗಿಡಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ತುಂಬುತ್ತಿದ್ದ. ಖಾಲಿಯಾದ ಕುಂಡಗಳಿಗೆ ಹೊಸ ಮಣ್ಣು ಹಾಕಿಯಾಗಿತ್ತು. ಕಾಡು ಆಲೂಗಡ್ಡೆಯ ಜೊತೆ ಕೂಡಿಸಿ ತೆಗೆದ ಬೀಜದ ಪೊಟ್ಟಣ ಪಕ್ಕದಲ್ಲಿ ಬಿಚ್ಚಿಕೊಂಡಿತ್ತು.

"ಏನ್ರೀ ಇದು? ಇನ್ನು ಮೂರು ವಾರಕ್ಕೆ ನಿವೃತ್ತಿ ನಿಮಗೆ!"

"ನಿವೃತ್ತಿ ನಂಗೆ ತಾನೇ? ನಿಂಗಿನ್ನೂ ಆರು ವರ್ಷ ಇದೆಯಲ್ಲ." ಅವನು ತಲೆ ಎತ್ತಲಿಲ್ಲ, ಎಳ್ಳಿನಷ್ಟು ಸಣ್ಣ ಬೀಜಗಳನ್ನು ಮಣ್ಣಿಗೆ ಉದುರಿಸುತ್ತಲೇ ಇದ್ದ. "ನಾನು ಬಿತ್ತಿ ಹೋಗ್ತೀನಿ. ನೀನು ಆ ಹಿತ್ತಲ ರಾಕ್ಷಸನ್ನ ತಂದು ಕೊಲ್ತಾ ಇರು, ಒಂದಕ್ಕೂ ಕರುಣೆ ತೋರಿಸ್ಬೇಡ. ಯಾವುದಾದ್ರೂ ಸಾಯದೇ ನಿಂತ ದಿನ ಮನೆಗೆ ಬಂದು ಹೇಳು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಪಕ್ಕ ಕೂತು, ಮುಂದಿನ ಕುಂಡ ಎಳೆದುಕೊಂಡಳು.