ಮಾದಣ್ಣನವರನ್ನು ಕೇಳಿ ಬರುತ್ತಿದ್ದ ಕರೆಗಳು

ನಾನು ಒಂದು ಕಪ್ಪು ಫೋನು. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ಗಂಟೆ ಕೂರಿಸಿದವರು ಹೆಂಗಸರು. ಮೊದಲು ಚಿತ್ರದುರ್ಗದ ಒಂದು ಶೇಂಗಾ ಮಂಡಿಯಲ್ಲಿದ್ದೆ. ಅಲ್ಲಿ ಬರೀ ಕೂಗಾಟ. ಮಂಡಿ ಮುಚ್ಚಿದ ಮೇಲೆ ದೂರವಾಣಿ ಇಲಾಖೆಯವರು ನನ್ನನ್ನು ಒರೆಸಿ ತಂದು ಗಂಗಾಂಬಿಕೆಯವರ ನಡುಮನೆಯಲ್ಲಿ, ಮೊಳಕಾಲೆತ್ತರದ ಸ್ಟೂಲಿನ ಮೇಲಿಟ್ಟರು.

ಗಂಗಾಂಬಿಕೆ ಪತ್ರಿಕೆಗೆ ಎರಡು ಅಂಕಣ ಬರೆಯುತ್ತಿದ್ದರು. ಬುಧವಾರ ಕನ್ನಡದ ಮಾತುಗಳು ಹುಟ್ಟಿ ಬೆಳೆದ ಬಗೆ, ತಮ್ಮದೇ ಹೆಸರಿನಲ್ಲಿ. ಭಾನುವಾರ ರಾಜಕೀಯ; ಅದು ಮಾತ್ರ 'ಚಾವಡಿ ಮಾದಣ್ಣ'ನ ಹೆಸರಿನಲ್ಲಿ. "ನುಡಿ ಹೆಂಗಸರ ಬಾಯಲ್ಲಿ ಚೆಂದ ಮೇಡಂ. ವಿಧಾನಸೌಧ ಗಂಡಸಿಗಿರಲಿ," ಎಂದು ಸಂಪಾದಕರು ನನ್ನ ಮೂಲಕವೇ ಹೇಳಿದ್ದರು. ಇವರು "ಸರಿ ಸರ್" ಎಂದರು. ರಿಸೀವರ್ ಇಟ್ಟಮೇಲೂ ಕೈ ನನ್ನ ಮೇಲೇ ಇತ್ತು.

ಅಂಕಣದ ಕೆಳಗೆ ನನ್ನ ನಂಬರು ಅಚ್ಚಾಗುತ್ತಿತ್ತು. ಭಾನುವಾರ ನನಗೆ ಬಿಡುವೇ ಇಲ್ಲ.

"ಮಾದಣ್ಣೋರು ಇದಾರೇನಮ್ಮಾ?"

"ಹೇಳಿ, ಬರೆದೋಳು ನಾನೇ."

"ತಮಾಷೆ ಮಾಡ್ಬೇಡಿ ತಾಯಿ, ಯಜಮಾನರಿಗೆ ಕೊಡಿ."

ಒಮ್ಮೆ ಯಾವುದೋ ಸಂಘದವರು ಮಾದಣ್ಣನವರಿಗೆ ಸನ್ಮಾನ ಎಂದು ಫೋನ್ ಮಾಡಿ, ಗಂಡ ತಿಪ್ಪೇಸ್ವಾಮಿಯವರ ಹತ್ತಿರ ಪೇಟದ ಅಳತೆ ಕೇಳಿದರು. ಬ್ಯಾಂಕಿನಲ್ಲಿದ್ದ ಆ ಸಾಧು ಮನುಷ್ಯ, "ನಾನು ಬರೆಯೋದು ಸಹಿ ಮಾತ್ರ ಕಣ್ರೀ. ಪೇಟ ನಮ್ಮಾಕೆ ತಲೆಗೆ ಹೊಲಿಸಿ," ಎಂದರು.

"ಎಂಥಾ ವಿನಯ ಸಾರ್ ನಿಮ್ಮದು!"

ತಿಪ್ಪೇಸ್ವಾಮಿ ಹೊಟ್ಟೆ ಹಿಡಿದು ನಕ್ಕರು. ಗಂಗಾಂಬಿಕೆ ನಗಲಿಲ್ಲ. ಆ ಮಧ್ಯಾಹ್ನವೇ ಸಂಪಾದಕರಿಗೆ ನನ್ನ ಡಯಲ್ ತಿರುಗಿಸಿದರು.

"ಸರ್, ಈ ವಾರದಿಂದ ನನ್ನ ಹೆಸರು ಹಾಕಿ. ಇಲ್ಲಾಂದ್ರೆ ಮಾದಣ್ಣ ತೀರಿಕೊಂಡ ಅಂತ ಹಾಕಿಬಿಡಿ."

"ಓದುಗರು ಬಿಟ್ಟುಬಿಡ್ತಾರೆ ಮೇಡಂ."

"ಬಿಡೋದಾದ್ರೆ ನನ್ನನ್ನೇ ಬಿಡಲಿ ಸರ್."

ದನಿ ಗಟ್ಟಿಯಾಗಿತ್ತು. ಅಂಗೈ ಬೆವೆತು ನನ್ನ ಹಿಡಿ ಜಾರುತ್ತಿದ್ದುದು ನನಗಷ್ಟೇ ಗೊತ್ತು.

ಹೆಸರು ಅಚ್ಚಾಯಿತು. ಆ ಭಾನುವಾರ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅವರು ಕಾಫಿ ಮುಟ್ಟದೆ ನನ್ನೆದುರು ಕೂತಿದ್ದರು. ಒಮ್ಮೆ ರಿಸೀವರ್ ಎತ್ತಿ, ನನಗೆ ಜೀವ ಇದೆಯೇ ಎಂದೂ ನೋಡಿದರು. ಕೊನೆಗೆ ನಾನು ಗಂಟೆ ಬಾರಿಸಿದೆ.

"ಏನ್ರೀ ಗಂಗಾಂಬಿಕೆ, ನಮ್ಮ ಎಂಎಲ್‌ಎ ಮೇಲೆ ಹಿಂಗಾ ಬರೆಯೋದು? ರಾಜಕೀಯ ಏನ್ರೀ ಗೊತ್ತು ನಿಮಗೆ?"

ಅವರು ನನ್ನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತರು. "ಹೇಳಿ, ಎಲ್ಲಾ ಹೇಳಿ," ಎಂದರು. "ನಾನೇ ಕೇಳ್ತಿದೀನಿ."

ಈಗ ನನ್ನ ತಂತಿ ಕಿತ್ತಿದ್ದಾರೆ. ಗಂಗಾಂಬಿಕೆಯವರೂ ಇಲ್ಲ. ಅಟ್ಟದ ಮೂಲೆಯಲ್ಲಿ ಕೂತು ಯೋಚಿಸುತ್ತೇನೆ: ನನ್ನೊಳಗೆ ಹೊಗಳಿಕೆ ಎಷ್ಟೋ ಹರಿಯಿತು, ಅದೆಲ್ಲ ಇಲ್ಲದ ಮಾದಣ್ಣನಿಗೆ ಹೋಯಿತು. ಅವರ ಪಾಲಿಗೆ ಮೊದಲು ಬಂದದ್ದು ಬೈಗುಳ. ಅದನ್ನವರು ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು, ತಣ್ಣಗಾದ ಕಾಫಿಯನ್ನು ಬಿಸಿಮಾಡಿಕೊಂಡು ಕುಡಿದರು.